ಮೂರು ಕಲ್ಲಿನ ಕೈಗುಣ

ಪಲ್ಟನ್ನಿನಿಂದ ಬಂದವನು ಬಾಯಿ ಮುಚ್ಚಿಕೊಂಡಿರಬೇಕು. ಯುದ್ಧ ಮುಗಿದು ವಿಜಾಪುರದಲ್ಲಿ ಇಳಿದ ದಿನವೇ ಯಾರಾದರೂ ಇದನ್ನು ಹೇಳಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ. ನಾನೋ, ದಂಡಿನ ಪಾಕಶಾಲೆಯ ಸಾರ್ವಭೌಮ ನಾನೇ ಎಂದು ಓಣಿಗೆಲ್ಲ ಡಂಗುರ ಸಾರಿದ್ದೆ. ಹಲ್ಲಿಲ್ಲದ ಕರ್ನಲ್ ಸಾಹೇಬ ನಾನು ಬೇಯಿಸಿದ ಹಂದಿಯ ಖಂಡ ತಿಂದು ತಟ್ಟೆ ನೆಕ್ಕುತ್ತಿದ್ದ ಎಂದೂ ಸೇರಿಸಿದ್ದೆ. (ನಾಲ್ಕು ವರ್ಷ ಅಲ್ಲಿ ನಾನು ಸುಲಿದದ್ದು ಬರೀ ಉಳ್ಳಾಗಡ್ಡಿ. ಇದು ನಮ್ಮ ನಿಮ್ಮೊಳಗೇ ಇರಲಿ.)

ಸುದ್ದಿ ಬಿಜ್ಜರಗಿಯಲ್ಲಿದ್ದ ನನ್ನ ಮಾವ ಖಂಡಪ್ಪನವರಿಗೆ ಮುಟ್ಟಿತು. ಅವರು ಆ ಊರಿನ ಬೇಟೆಗಾರರ ಹಿರಿಯರು. ಬಾಯಲ್ಲಿ ಉಳಿದದ್ದು ಮೂರೇ ಹಲ್ಲು. ಶೇಂಗಾ ಹೊಲ ಅಗೆದ ಕಾಡುಹಂದಿಯನ್ನು ಅವರ ಮಂದಿ ಹೊಡೆದಾಗ, ತಮ್ಮ ಪಾಲಿನ ತೊಡೆಯನ್ನು ಬೆಳಗ್ಗೆ ತಿಕೋಟಾ ಮೇಲೆ ಬರುವ ಮೋಟಾರು ಬಸ್ಸಿನಲ್ಲಿ ಕಳಿಸಿಯೇಬಿಟ್ಟರು. ಜೊತೆಗೆ ಡ್ರೈವರನ ಕೈಯಲ್ಲಿ ಒಂದು ಮಾತು: "ಸಂಜೀಕ ಬರತೇನಿ. ಅಳಿಯಂದ್ರ ಕೈ ನೋಡೂಣು."

ನಮ್ಮಲ್ಲಿ ಹಂದಿ ಒಳಗಿನ ಒಲೆ ಏರುವುದಿಲ್ಲ, ಪಕ್ಕದಲ್ಲೇ ದೇವರ ಜಗಲಿ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಬೇರೆ ಗಡಿಗೆ ಇಡಬೇಕು. ಹೆಂಡತಿ ಶಂಕ್ರೆವ್ವನ ಪಾಲಿಗೆ ಒಳಗೆ ರೊಟ್ಟಿ ಬಡಿಯುವ ಕೆಲಸ ಮಾತ್ರ. ಆದರೂ ಅವಳು ಬಾಗಿಲಿಗೆ ಬಂದು ತೊಡೆಯನ್ನು ನೋಡಿದಳು.

"ಮುದಿ ಹಂದಿ ಐತ್ರಿ ಇದು. ಹಿತ್ತಲದಾಗಿನ ಪಪ್ಪಾಯಿ ಕಾಯಿ ಹೆಚ್ಚಿ ಹಾಕ್ರಿ, ಮೆತ್ತಗಾಗತೈತಿ."

ಗಿಡದಲ್ಲಿ ಇದ್ದದ್ದು ಒಂದೇ ಕಾಯಿ. ಅದು ಹಣ್ಣಾಗಲೆಂದು ಅವಳು ತಿಂಗಳಿಂದ ಕಾಯುತ್ತಿದ್ದಳು. ಅಂಥದ್ದನ್ನು ಕೊಡಲು ಬಂದವಳಿಗೆ ನಾನು ಅಂದದ್ದು ಕೇಳಿ:

"ಏ ಹೋಗ! ದಂಡಿನ್ಯಾಗ ಇಂಥ ಅಜ್ಜೀ ಔಷಧ ನಡಿಯೂದಿಲ್ಲ."

"ಹಂಗಾರ ನಿಮ್ಮ ದಂಡನ್ನ ಕರಸ್ರಿ. ಕುಟ್ಟಿ ಮೆತ್ತಗ ಮಾಡ್ಲಿ."

ಮಧ್ಯಾಹ್ನದಿಂದ ಬೇಯಿಸಿದೆ. ಮಸಾಲೆ ಖಾರ ಹಾಕಿದೆ, ಕೊಬ್ಬರಿ ಅರೆದು ಹಾಕಿದೆ, ಹೊಗೆಗೆ ಕಣ್ಣೀರು ಸುರಿಸಿದೆ. ನಾಲ್ಕು ಗಂಟೆಗೆ ಒಂದು ತುಂಡು ಬಾಯಿಗಿಟ್ಟರೆ ಪಲ್ಟನ್ನಿನ ಬೂಟು ನೆನಪಾಯಿತು. ಇನ್ನು ಮಾವನ ಮುಂದೆ ಮಾನ ಉಳಿಯುವುದಿಲ್ಲ. ಅವರನ್ನು ಕರೆತರಲು ಮೋಟಾರು ನಿಲ್ಲುವಲ್ಲಿಗೆ ಹೋದೆ. ಬೇಗ ಬಾರದಿರಲಪ್ಪಾ ಎಂದು ಬೇಡಿಕೊಂಡೆ. ದೇವರು ಕೇಳಿಸಿಕೊಂಡ, ದಾರಿಯಲ್ಲಿ ಗಾಲಿ ಪಂಕ್ಚರಾಗಿ ಮೋಟಾರು ಎರಡು ತಾಸು ತಡವಾಯಿತು.

ಮಾವನೊಡನೆ ಮನೆಗೆ ಬಂದು ಮುಚ್ಚಳ ತೆಗೆದೆ. ಖಂಡ ಎಲುಬು ಬಿಟ್ಟು ಜಾರುತ್ತಿತ್ತು! ನನ್ನ ಪ್ರತಿಭೆಗೆ ನಾನೇ ದಂಗಾದೆ.

ಹಿತ್ತಿಲಲ್ಲೇ ಊಟಕ್ಕೆ ಕೂತೆವು. ಮಾವ ಒಂದು ತುತ್ತು ಒಸಡಿನಲ್ಲೇ ಅರೆದು ಕಣ್ಣು ಮುಚ್ಚಿದರು.

"ಯಪ್ಪಾ! ಬೆಣ್ಣಿ ಆಗೇತಿ!"

"ಹ್ಯಾಂಗ ಮೆತ್ತಗಾತ್ರಿ?" ಎಂದಳು ಶಂಕ್ರೆವ್ವ, ನನ್ನನ್ನೇ ನೋಡುತ್ತ.

"ಕೈಗುಣ," ಎಂದೆ ನಾನು.

"ಬರೇ ಕೈಗುಣ?"

"ಮತ್ತೇನ? ಬರೇ ಕೈಗುಣ!"

ಅವಳು ಇನ್ನೊಂದು ರೊಟ್ಟಿ ಹಾಕಿದಳು. ಮಾವ ಎದ್ದು, ಮೂರು ಕಲ್ಲಿನ ನಡುವಿನ ಬೂದಿ ತೆಗೆದು ನನ್ನ ಹಣೆಗೆ ಹಚ್ಚಿದರು.

"ನಮ್ಮ ಬೇಟೆಗಾರ ಮಂದಿಗೆ ಅಡಗಿ ಮಾಡೂ ರೇವಪ್ಪಗ ಕಣ್ಣ ಕಾಣವಲ್ವು. ಇನ್ನ ಆ ಕೆಲಸ ನಿಮ್ದ. ಹಿರ್ಯಾ ಬೂದಿ ಹಚ್ಚಿದ ಮ್ಯಾಲ ಒಲ್ಲೆ ಅನ್ನಂಗಿಲ್ಲ, ಸಾಯೂತನಕ. ನಾಳೆ ಬಿಜ್ಜರಗಿಗೆ ಬರ್ರಿ. ಎರಡ ಮುದಿ ಹಂದಿ ಹೊಡದೇವಿ, ಅರವತ್ತ ಮಂದಿ ಅದಾರ."

ನಾನು ಹೆಮ್ಮೆಯಿಂದ ತಲೆ ಎತ್ತಿದೆ. ಎತ್ತಿದ ಕಣ್ಣಿಗೆ ಪಪ್ಪಾಯಿ ಗಿಡ ಕಂಡಿತು. ಗಿಡ ಬೋಳಾಗಿತ್ತು; ಬುಡದಲ್ಲಿ ಹಸಿರು ಸಿಪ್ಪೆ ಬಿದ್ದಿತ್ತು.

"ಶಂಕ್ರೆವ್ವಾ..." ಎಂದೆ ಮೆಲ್ಲಗೆ.

"ಕಾಯಿ ಇದ್ದದ್ದ ಒಂದ ಇತ್ರಿ," ಎಂದಳು ಅವಳು, ನನ್ನ ತಟ್ಟೆಗೆ ಸಾರು ಸುರಿಯುತ್ತ. "ಇರ್ಲಿ ಬಿಡ್ರಿ, ಕೈಗುಣ ಐತೆಲ್ಲಾ."