ಸೋಮವಾರದ ಮೋಟಾರು

ಬೆಳಿಗ್ಗೆ ಎಮ್ಮೆ ಕರೆದೆ, ಸಜ್ಜೆ ಬೀಸಿದೆ, ಕಂಬಳಿಗಳನ್ನು ಬಿಸಿಲಿಗೆ ಹಾಕಿದೆ, ಹುಣಸೆಹಣ್ಣಿನ ಬೀಜ ಬಿಡಿಸಿದೆ, ಭಾವನವರ ಮೋಟಾರಿಗೆ ದೃಷ್ಟಿ ತೆಗೆದೆ. ಕೊನೆಯದನ್ನು ಓದಿ ನಗಬೇಡಿ. ನನ್ನ ಗಂಡನ ಅಣ್ಣನಾದ ಇವರಿಗೆ ಮೋಟಾರು ಬೇರೆ, ಎತ್ತು ಬೇರೆ ಎಂದು ಮೊಳಕಾಲ್ಮೂರಿನಲ್ಲಿ ಯಾರೂ ಇನ್ನೂ ತಿಳಿಸಿ ಹೇಳಿಲ್ಲ.

ಅದು ಯುದ್ಧಕ್ಕೆ ಮುಂಚೆ ಜರ್ಮನಿಯಿಂದ ಬಂದ ಗಾಡಿ. ಬಳ್ಳಾರಿಯ ಸಾಹುಕಾರರೊಬ್ಬರು ತೀರಿಕೊಂಡ ಮೇಲೆ ಇವರ ಪಾಲಿಗೆ ಬಂತು. ಮೇಲೆ ಚಾವಣಿ, ಬಾಗಿಲಿಗೆ ಗಾಜು, ಒಳಗೆ ಮಕಮಲ್ಲಿನ ಸೀಟು. ಅರಮನೆಯ ಕೋಣೆಯೊಂದಕ್ಕೆ ಚಕ್ರ ಕಟ್ಟಿದಂತಿದೆ. ಅದರ ಬಿಡಿಭಾಗ ಈಗ ಎಲ್ಲಿಂದ ಬರಬೇಕು? ವಾಷರನ್ನು ಚಪ್ಪಲಿ ಹೊಲಿಯುವವನು ಚರ್ಮದಲ್ಲಿ ಕತ್ತರಿಸಿಕೊಡುತ್ತಾನೆ. ಪೆಟ್ರೋಲನ್ನು ಮಗ್ಗದ ಮನೆಯ ರೇಷ್ಮೆ ಚೂರಿನಲ್ಲಿ ಸೋಸುತ್ತಾರೆ. ಇಂಜಿನ್ನಿಗೆ ಹರಳೆಣ್ಣೆ. ಅದು ಕಾದರೆ ಬೀದಿಗೆಲ್ಲ ಬಾಣಂತಿ ಕೋಣೆಯ ವಾಸನೆ!

ಎತ್ತಿನ ಎಲ್ಲ ಮರ್ಯಾದೆಯೂ ಅದಕ್ಕುಂಟು, ಒಂದನ್ನು ಬಿಟ್ಟು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಭಾವ ಮೋಟಾರನ್ನು ಹೊರಡಿಸುವುದೇ ಸೋಮವಾರ, ಅದೂ ಖಾಲಿ. ಹಿಂದಿನ ಬಾಗಿಲು ತೆಗೆದು, ಸ್ವಲ್ಪ ಕಾದು, ಮೆಲ್ಲಗೆ ಮುಚ್ಚುತ್ತಾರೆ. ಚಳ್ಳಕೆರೆಯ ಆಸ್ಪತ್ರೆ ಬಾಗಿಲವರೆಗೆ ಹೋಗಿ ಬರುತ್ತಾರೆ. ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಕ್ಕನಿಗೆ, ಅಂದರೆ ಅವರ ಹೆಂಡತಿಗೆ, ಚೊಚ್ಚಲ ಹೆರಿಗೆ ಕಷ್ಟವಾದದ್ದು ಒಂದು ಸೋಮವಾರ. ಮಾವನವರು ಎತ್ತು ಕಟ್ಟಲು ಬಿಡಲಿಲ್ಲ. ಮರುದಿನ ಹೊರಟ ಬಂಡಿ ದಾರಿಯ ಬಿ.ಜಿ. ಕೆರೆ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ದೆವ್ವ ನಂಬುವವಳಲ್ಲ. ಆದರೂ ಆ ಬಾಗಿಲು ಮುಚ್ಚುವ ಮುಂಚೆ ಗಾಡಿ ಎಡಕ್ಕೆ ಒಂದಿಷ್ಟು ಕುಗ್ಗುತ್ತದೆ, ಯಾರೋ ಹತ್ತಿದ ಹಾಗೆ.

"ಸ್ಪ್ರಿಂಗು ಹಳೇದು ಕಣಮ್ಮ," ಎನ್ನುತ್ತಾರೆ ಭಾವ. ಅದನ್ನು ಮೊದಲು ಕಂಡಂದಿನಿಂದ ನಾನು ಆ ಕಡೆ ಕಸ ಗುಡಿಸುವುದನ್ನೂ ಬಿಟ್ಟಿದ್ದೇನೆ.

ಇವತ್ತೂ ಸೋಮವಾರ. ಹೆರಿಗೆಗೆ ತವರಿಗೆ ಬಂದಿದ್ದ ನನ್ನ ಮಗಳಿಗೆ ಹೊತ್ತು ನೆತ್ತಿಗೇರುವಾಗ ನೋವು ಜೋರಾಯಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಐತೆ, ನನ್ನ ಕೈಲಾಗಲ್ಲ. ಚಳ್ಳಕೆರೆಗೆ ಒಯ್ರಿ," ಎಂದಳು.

ಭಾವ ಹಿಂದಿನ ಸೀಟಿನಲ್ಲಿ ಇದುವರೆಗೆ ಯಾರನ್ನೂ ಕೂರಿಸಿದವರಲ್ಲ. ಬಾಗಿಲು ತೆಗೆದು, ಖಾಲಿ ಮಕಮಲ್ಲಿಗೆ ಹೇಳಿದರು: "ಲೇ, ಸ್ವಲ್ಪ ಅತ್ಲಾಗೆ ಸರ್ಕಳೇ. ಹುಡುಗಿ ಮಲಗ್ಬೇಕು."

ಗಾಡಿ ಎಡದಿಂದ ಬಲಕ್ಕೆ ತೂಗಿತು.

"ನೀವು ನಡೀರಿ, ನಾನು ನಡ್ಕಂಡೇ ಬರ್ತೀನಿ," ಎಂದು ಸೂಲಗಿತ್ತಿ ಹಿಂದೆ ಸರಿದಳು.

ನಾನು ಮಗಳ ಕಾಲ ಬಳಿ ಕೂತು ಪಾದ ಹಿಡಿದುಕೊಂಡೆ. ಬಿ.ಜಿ. ಕೆರೆ ಹತ್ತಿರ ಇಂಜಿನ್ನು ಕೆಮ್ಮಿ ನಿಧಾನವಾಯಿತು. ಭಾವನ ಕತ್ತಿನ ಮೇಲೆ ಬೆವರು. ಮಗಳು ಕಣ್ಣು ಮುಚ್ಚಿಕೊಂಡೇ ಅಂದಳು: "ಅವ್ವ, ಸೊಂಟ ಅಷ್ಟು ಒತ್ತಬ್ಯಾಡ. ನಿನ್ನ ಕೈ ತಣ್ಣಗೈತೆ."

ನನ್ನ ಎರಡೂ ಕೈ ಅವಳ ಪಾದದ ಮೇಲಿದ್ದವು.

"ಒತ್ಲಿ ಬಿಡು ಮಗಾ," ಎಂದರು ಭಾವ, ಹಿಂತಿರುಗಿ ನೋಡದೆ. "ಅವಳಿಗೆ ಗೊತ್ತೈತೆ ಈ ನೋವು." ಕೆಮ್ಮುತ್ತಲೇ ಗಾಡಿ ಆ ಊರು ದಾಟಿತು.

ಸಂಜೆಗೆ ಹೆಣ್ಣುಕೂಸು. ತಾಯಿ, ಮಗು ಇಬ್ಬರೂ ಕ್ಷೇಮ. ಹೇಳೋಣವೆಂದು ಹೊರಗೆ ಬಂದರೆ ಭಾವ ಹಿಂದಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತಿದ್ದರು.

"ಬರ್ರಿ ಭಾವ, ಕೂಸು ನೋಡ್ರಿ."

"ತಡಿಯಮ್ಮ, ಅವಳು ಹತ್ಲಿ."

ಬಹಳ ಹೊತ್ತು ಕಾದರು. ಗಾಡಿ ಕುಗ್ಗಲಿಲ್ಲ.

"ಬರಲ್ವಂತೆ," ಎಂದರು ಕೊನೆಗೆ. "ಕೂಸಿನ ಹತ್ರ ಇರ್ತಾಳಂತೆ." ಇಂಜಿನ್ನು ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡರು, ಕೆನ್ನೆಯೆಲ್ಲ ಮಸಿಯಾಯಿತು.

ಗಂಟಿನಲ್ಲಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯನ್ನು ಆಸ್ಪತ್ರೆ ಜಗಲಿಯಲ್ಲಿ ತಿಂದೆವು. ಮೊದಲು ನಿದ್ದೆ ಹೋದವರು ಭಾವ, ಆ ಹಿಂದಿನ ಸೀಟಿನಲ್ಲಿ, ಕಾಲು ಚಾಚಿಕೊಂಡು.