ಸಾವಿರ ಡಾಲರಿನಲ್ಲಿ ಸಮುದ್ರ

ಪಣ ಇಷ್ಟೇ: ಒಂದು ಸಾವಿರ ಡಾಲರ್. ಗಂಡ ಹೆಂಡತಿ ಇಬ್ಬರು, ಏಳು ದಿನ, ಕೆರಿಬಿಯನ್ ಸಮುದ್ರದ ಒಂದು ದ್ವೀಪ, ವಿಮಾನದ ಟಿಕೆಟ್ ಸೇರಿ. ಸಾವಿರದ ಮೇಲೆ ಒಂದು ಡಾಲರ್ ಹೆಚ್ಚಾದರೂ ನಾನು ಸೋತಂತೆ.

ಇಂಥವು ನನ್ನ ಪಾಲಿಗೆ ಆಗುತ್ತಲೇ ಇರುತ್ತವೆ. ದಾವಣಗೆರೆಯಲ್ಲಿ ಅಪ್ಪನ ಬಟ್ಟೆ ಅಂಗಡಿಯ ಗಲ್ಲೆಯ ಮುಂದೆ ಕೂತು ಬೆಳೆದವನು ನಾನು. ಆಮೇಲೆ ಷಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ ಇಪ್ಪತ್ತಾರು ವರ್ಷದಿಂದ ದಿನಸಿ ಅಂಗಡಿ. ಮಾರಿ ಗೊತ್ತು, ಕೊಂಡು ಅಭ್ಯಾಸವಿಲ್ಲ. ಮಾರುವವನು ಗಿರಾಕಿಯಾಗಿ ಹೊರಟರೆ ಏನೇನಾಗುತ್ತದೆ ಅನ್ನುವುದಕ್ಕೆ ಈ ಕೆಲವು ಪ್ರಸಂಗ ಸಾಕು. ದೇಶದ ಹೆಸರು ಹೇಳುವುದಿಲ್ಲ. ಬಡ ದೇಶ, ಚುರುಕು ಜನ. ಅಲ್ಲಿ ಕೆಟ್ಟದ್ದು ನನ್ನ ಹೆಸರು ಮಾತ್ರ.

ಪಣ ಹುಟ್ಟಿದ್ದು

ನಮ್ಮ ಊರ ಪಕ್ಕದ ಲೆಮಾಂಟ್ ದೇವಸ್ಥಾನದಲ್ಲಿ ಹಬ್ಬದ ಊಟ. ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಡೆಟ್ರಾಯಿಟ್ ಕಡೆಯ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಡಾಕ್ಟರು. ಸಂಸಾರ ಸಮೇತ ಡ್ರೈವ್ ಮಾಡಿಕೊಂಡು ಬಂದಿದ್ದರು. ಕೈಗೆ ಒಂದು ನೀಲಿ ಪ್ಲಾಸ್ಟಿಕ್ ಪಟ್ಟಿ. ನಾನು ಯಾವುದೋ ಆಸ್ಪತ್ರೆಯದು ಅಂದುಕೊಂಡು ಆರೋಗ್ಯ ವಿಚಾರಿಸಿದೆ. ಅದು ಕೆರಿಬಿಯನ್ ರೆಸಾರ್ಟಿನ ಪಟ್ಟಿಯಂತೆ. ಬಂದು ಎರಡು ವಾರವಾಗಿದ್ದರೂ ಬಿಚ್ಚಿರಲಿಲ್ಲ. ಒಂದು ಸಲ ಆರು ಸಾವಿರ ಡಾಲರ್ ಕಟ್ಟಿದರೆ ಸಾಕು, ವಾರವೆಲ್ಲ ತಿನ್ನುವುದು, ಕುಡಿಯುವುದು, ಮಲಗುವುದು ಎಂದು ವರ್ಣಿಸುತ್ತಾ ಪುಳಿಯೋಗರೆ ಮುಗಿಸಿದರು.

ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ಒಂದು ಸಲ ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ನಮ್ಮ ಅಂಗಡಿ ಬಾಗಿಲು ಹಾಕಿದ್ದು ಎರಡೇ ದಿನ. ಒಂದು ಮಗಳು ಹುಟ್ಟಿದ ದಿನ, ಇನ್ನೊಂದು ಬಾಗಿಲೇ ಕಾಣದ ಹಾಗೆ ಹಿಮ ಬಿದ್ದ ದಿನ.

"ಡಾಕ್ಟ್ರೇ, ನೀವು ಕೊಟ್ಟಿದ್ದರಲ್ಲಿ ಆರನೇ ಒಂದು ಪಾಲಿಗೆ ಅದೇ ಸಮುದ್ರ ನಾನು ತೋರಿಸ್ತೀನಿ," ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ಲೆಕ್ಕ ಹಾಕಿಯೇ ಹೇಳಿದೆ.

ಕರಾರು ಅಲ್ಲೇ ಆಯಿತು. ನನ್ನ ಜೇಬಿನಿಂದ ಹೋಗುವ ಪ್ರತಿ ಸೆಂಟಿಗೂ ಲೆಕ್ಕ. ಗೆದ್ದರೆ ಡಾಕ್ಟರು ಒಂದು ಭಾನುವಾರ ದೇವಸ್ಥಾನದಲ್ಲಿ ನನ್ನ ಹೆಸರಿನಲ್ಲಿ ಅನ್ನದಾನ ಮಾಡಿಸಬೇಕು. ಸೋತರೆ ಮುಂದಿನ ಚಳಿಗಾಲಕ್ಕೆ ಎರಡೂ ಸಂಸಾರ ನನ್ನ ಖರ್ಚಿನಲ್ಲಿ ರೆಸಾರ್ಟಿಗೆ.

"ಲೆಕ್ಕ ಬರೆಯೋರು ಯಾರು ಅಣ್ಣಾರೆ?" ಎಂದರು ಡಾಕ್ಟರು. "ಅಕ್ಕಾರು ಬರೀಲಿ ಬಿಡಿ."

ನಾನು ಹೂಂ ಎಂದೆ. ಹೈವೇಯಿಂದ ಮನೆಗೆ ತಿರುಗುವ ಎಕ್ಸಿಟ್ ಹತ್ತಿರ ಬಂದಾಗ ತಲೆಗೆ ಹೊಳೆಯಿತು. ನಾನು ಸೋತರೆ ರೆಸಾರ್ಟ್ ಸಿಗುವುದು ಇವಳಿಗೇ. ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಎದುರು ಪಾರ್ಟಿಯ ಕೈಗೆ ಖಾತೆ ಪುಸ್ತಕ ಕೊಟ್ಟದ್ದು ಅದೇ ಮೊದಲು.

ಷಿಕಾಗೋಗಿಂತ ಡೆಟ್ರಾಯಿಟ್‌ನಿಂದ ಟಿಕೆಟ್ ಅಗ್ಗವಿತ್ತು. ಮುನ್ನೂರು ಮೈಲಿ ಪೆಟ್ರೋಲಿನ ಖರ್ಚು ಪಣಕ್ಕೆ ಬರಬಾರದೆಂದು ಆ ಕಡೆಯ ಗಿರಾಕಿಗಳ ಹನ್ನೆರಡು ಚೀಲ ಸೋನಾ ಮಸೂರಿ ಹೇರಿಕೊಂಡು ಹೋಗಿ, ಅದನ್ನು ಅಂಗಡಿಯ ಡೆಲಿವರಿ ಖರ್ಚಿಗೆ ಹಾಕಿದೆ. ಮಗಳ ಕೈಗೆ ಅಂಗಡಿಯ ಕೀ ಕೊಟ್ಟಾಗ ಅವಳು, "ಡ್ಯಾಡ್, ಜಸ್ಟ್ ಬುಕ್ ದ ರೆಸಾರ್ಟ್," ಎಂದಿದ್ದಳು. ನಾನು ಡಾಕ್ಟರ ಮನೆ ಮುಂದೆ ಪುಕ್ಕಟೆ ಕಾರು ನಿಲ್ಲಿಸಿ, ಅವರಿಂದಲೇ ಏರ್‌ಪೋರ್ಟಿಗೆ ಬಿಡಿಸಿಕೊಂಡು, ಅವರ ಮೇಲೆಯೇ ಗೆಲ್ಲಲು ಹೊರಟೆ.

ಫೋಟೋದಲ್ಲಿದ್ದ ಎಸಿ

ದಿನಕ್ಕೆ ಹತ್ತೊಂಬತ್ತು ಡಾಲರಿನ ರೂಮು. ಸಮುದ್ರ ಕಾಣುತ್ತದೆ, ಎಸಿ ಇದೆ, ಬಿಸಿನೀರು ಇದೆ ಎಂದು ಆನ್‌ಲೈನ್‌ನಲ್ಲಿ ಬರೆದಿದ್ದರು.

ಸಮುದ್ರ ಕಾಣುತ್ತಿತ್ತು. ಮಹಡಿ ಹತ್ತಿ, ನೀರಿನ ಟ್ಯಾಂಕಿನ ಏಣಿ ಹಿಡಿದು ಮೂರು ಮೆಟ್ಟಿಲು ಏರಿದರೆ ಎಡಗಡೆ ನೀಲಿ ಗೆರೆಯೊಂದು ಕಾಣುತ್ತಿತ್ತು. ಬಿಸಿನೀರೂ ಇತ್ತು. ಪೈಪು ಬಿಸಿಲಿಗೆ ಬಿದ್ದಿದ್ದರಿಂದ ಮಧ್ಯಾಹ್ನ ಕೈ ಇಡಲಾಗದಷ್ಟು ಸುಡುತ್ತಿತ್ತು, ಬೆಳಿಗ್ಗೆ ಸ್ನಾನದ ಹೊತ್ತಿಗೆ ತಣ್ಣಗಿರುತ್ತಿತ್ತು. ಎಸಿ ಮಾತ್ರ ತುಟಿ ಬಿಚ್ಚಲಿಲ್ಲ.

ಮನೆಯೊಡತಿ ಅರವತ್ತು ದಾಟಿದ ಹೆಂಗಸು. ವರಾಂಡದಲ್ಲಿ ಕೂತು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ನಾನು ಫೋನು ತೆಗೆದು, ಅವಳದೇ ಜಾಹೀರಾತು ತೋರಿಸಿ, ಎಸಿ ಕೆಲಸ ಮಾಡುತ್ತಿಲ್ಲ, ಬಾಡಿಗೆಯಲ್ಲಿ ಐದು ಡಾಲರ್ ಇಳಿಸು ಎಂದು ಕೇಳಿದೆ. ಅವಳು ಕನ್ನಡಕ ಹಾಕಿಕೊಂಡು ಫೋಟೋವನ್ನು ನಿಧಾನವಾಗಿ ನೋಡಿದಳು.

"ಫೋಟೋದಲ್ಲಿ ಎಸಿ ಇದೆ. ರೂಮಿನಲ್ಲೂ ಇದೆ. ಫೋಟೋದಲ್ಲಿ ಎಲ್ಲಾದರೂ ಕರೆಂಟು ಕಾಣಿಸ್ತಾ ನಿನಗೆ?"

ನನ್ನ ಅಂಗಡಿಯಲ್ಲಿ 'ಇಂದೇ ಬಂದ ಕರಿಬೇವು' ಎಂಬ ಬೋರ್ಡು ನಾಲ್ಕು ವರ್ಷದಿಂದ ನೇತಾಡುತ್ತಿದೆ. ಬಾಡಿಗೆಯ ಮಾತು ಬಿಟ್ಟು ಒಂದು ಬೀಸಣಿಗೆ ಕೇಳಿದೆ. ಅದಕ್ಕೆ ಒಂದು ಡಾಲರ್ ಬಾಡಿಗೆ. ಹೆಂಡತಿ ಬರೆದುಕೊಂಡಳು.

ತುಂಬಿದ ಮೇಲೆ ಹೊರಡುವ ವ್ಯಾನು

ಸಮುದ್ರದ ದಂಡೆಗೆ ಹೋಗಲು ಟ್ಯಾಕ್ಸಿಗೆ ನಲವತ್ತು ಡಾಲರ್, ಊರಿನ ವ್ಯಾನಿಗೆ ತಲೆಗೆ ಎರಡು. ಯೋಚಿಸುವುದೇನಿತ್ತು. ಸ್ಟ್ಯಾಂಡಿಗೆ ಹೋದರೆ ಒಂದು ವ್ಯಾನು ಹೆಚ್ಚುಕಡಿಮೆ ತುಂಬಿತ್ತು, ಹಿಂದಿನದು ಖಾಲಿ. ಜಾಣನಾದ ನಾನು ತುಂಬಿದ್ದಕ್ಕೇ ಹತ್ತಿದೆ. ಇನ್ನು ಇಬ್ಬರು ಬಂದರೆ ಹೊರಡುತ್ತದೆ ಎಂದು ಹೆಂಡತಿಗೆ ಭರವಸೆ ಕೊಟ್ಟೆ.

ಇಬ್ಬರು ಬಂದರು. ಒಳಗಿದ್ದ ಇಬ್ಬರು ಇಳಿದು ಹೋದರು. ಮತ್ತೆ ಮೂವರು ಬಂದರು, ಮೂವರು ಇಳಿದರು. ಒಂದು ಗಂಟೆಯಾದ ಮೇಲೆ ನೋಡುತ್ತೇನೆ, ಇಳಿದವರೆಲ್ಲ ಹಿಂದಿನ ವ್ಯಾನಿನಲ್ಲಿ ಕೂತಿದ್ದಾರೆ. ಎಲ್ಲ ಡ್ರೈವರನ ಕಡೆಯವರು. ಖಾಲಿ ವ್ಯಾನಿಗೆ ಯಾರೂ ಹತ್ತುವುದಿಲ್ಲವೆಂದು ಜನರನ್ನು ಕೂರಿಸಿ ತೋರಿಸುವುದು ಅವನ ಪದ್ಧತಿ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ದೀಪಾವಳಿಗೆ ನಮ್ಮಪ್ಪ ಬೆಳಿಗ್ಗೆ ಏಳಕ್ಕೇ ನಮ್ಮ ಸೋದರತ್ತೆಯರನ್ನೆಲ್ಲ ಅಂಗಡಿಗೆ ಕರೆಸಿ ಸೀರೆ ನೋಡಲು ಕೂರಿಸುತ್ತಿದ್ದರು.

ಈ ಗುಟ್ಟು ನನಗೂ ಗೊತ್ತು ಎಂದು ಡ್ರೈವರನಿಗೆ ಹೇಳಿದೆ. ಅವನು ನಕ್ಕು, ಒಂದು ನೌಕರಿಯನ್ನೇ ಮುಂದಿಟ್ಟ. ಪರದೇಶದವರು ಕೂತಿದ್ದರೆ ವ್ಯಾನು ಇನ್ನೂ ಬೇಗ ತುಂಬುತ್ತದೆ, ಎರಡು ಟ್ರಿಪ್ಪು ಕೂತು ಇಳಿ, ಮೂರನೆಯದು ನಿನಗೆ ಪುಕ್ಕಟೆ. ನಾಲ್ಕು ಡಾಲರ್ ಉಳಿಯಿತು. ಮಧ್ಯಾಹ್ನದವರೆಗೆ ನಾವಿಬ್ಬರೂ ಎಲ್ಲಿಗೂ ಹೋಗದ ಪ್ರಯಾಣಿಕರಾಗಿ ಕಿಟಕಿ ಪಕ್ಕ ಕೂತೆವು. ಮೂರನೆಯ ಟ್ರಿಪ್ಪು ಆ ದಿನ ಹೊರಡಲೇ ಇಲ್ಲ.

ಹೆಂಡತಿ ಆ ದಿನದ ಪುಟದಲ್ಲಿ ಹೀಗೆ ಬರೆದಿದ್ದಾಳೆ: "ಪ್ರಯಾಣದ ಖರ್ಚು ಇಲ್ಲ. ಪ್ರಯಾಣವೂ ಇಲ್ಲ."

ಚಿಲ್ಲರೆ

ಮೂಲೆಯ ಗೂಡಂಗಡಿಯಲ್ಲಿ ಬ್ರೆಡ್ಡು, ಬಾಳೆಹಣ್ಣು ಕೊಂಡರೆ ಚಿಲ್ಲರೆಗೆ ಬದಲು ಬಂಗಾರದ ಬಣ್ಣದ ಕಾಗದ ಸುತ್ತಿದ ಪುಟ್ಟ ಚೌಕಗಳನ್ನು ಕೊಡುತ್ತಿದ್ದರು. ನಾನು ಚಾಕಲೇಟು ಅಂದುಕೊಂಡೆ. ಹೆಂಡತಿ ಬಿಚ್ಚಿ, ಮೂಸಿ, ದೂರ ಹಿಡಿದಳು. ಅಡುಗೆಗೆ ಹಾಕುವ, ಕೋಳಿ ಸಾರನ್ನೇ ಬತ್ತಿಸಿ ಮಾಡಿದ ಮಸಾಲೆ. ನಾವೋ ಮೊಟ್ಟೆಯನ್ನೂ ಮುಟ್ಟದವರು.

ಮೂರು ದಿನಕ್ಕೆ ಇಪ್ಪತ್ತೆಂಟು ಚೌಕ ಸೇರಿದವು. ವಾಪಸ್ ಕೊಟ್ಟು ಬ್ರೆಡ್ಡು ಕೇಳಿದೆ. ಅಂಗಡಿಯಾಕೆ ತಲೆ ಅಲ್ಲಾಡಿಸಿದಳು. ಇವು ಕೊಡುವ ದುಡ್ಡು, ತೆಗೆದುಕೊಳ್ಳುವ ದುಡ್ಡಲ್ಲ ಎಂದಳು. ಚೌಕಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ಚಿಲ್ಲರೆಗೆ ಕೊಟ್ಟ ಪೆಪ್ಪರಮೆಂಟನ್ನು ಗಿರಾಕಿ ವಾಪಸ್ ತಂದರೆ ನಮ್ಮಪ್ಪನೂ ಕೈ ಚಾಚುತ್ತಿರಲಿಲ್ಲ.

ಕಡೆಗೆ ಮನೆಯೊಡತಿಯ ಹತ್ತಿರ ವ್ಯವಹಾರ ಕುದುರಿತು. ಇಪ್ಪತ್ತೆಂಟು ಚೌಕ ಅವಳಿಗೆ, ಒಂದು ಹೊತ್ತಿನ ಬಿಸಿ ಊಟ ನಮಗೆ. ಮೂರು ದಿನ ಬ್ರೆಡ್ಡು ಬಾಳೆಹಣ್ಣು ತಿಂದಿದ್ದ ಹೆಂಡತಿಗೆ ಮೊದಲ ಸಲ ನನ್ನ ಮೇಲೆ ಗೌರವ ಹುಟ್ಟಿದ್ದು ಕಣ್ಣಲ್ಲೇ ಕಂಡಿತು. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಎಂದು ಮೂರು ಸಲ ಹೇಳಿದೆ. ಅರ್ಥವಾಯಿತು ಎಂದು ಅವಳೂ ಮೂರು ಸಲ ಹೇಳಿದಳು.

ಸಂಜೆ ಹಬೆಯಾಡುವ ಅನ್ನ ತಂದಿಟ್ಟಳು. ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ. ಬಣ್ಣ ಮಾತ್ರ ಹೊನ್ನಿನ ಹಾಗೆ.

"ಬರೀ ಅನ್ನ ಸಪ್ಪೆ ಆಗುತ್ತೆ ಅಂತ, ನಿಮ್ಮವೇ ಅಷ್ಟೂ ಹಾಕಿಬಿಟ್ಟೆ," ಎಂದಳು ಪ್ರೀತಿಯಿಂದ.

ನೆರಳು

ಸಮುದ್ರಕ್ಕೆ ಬಂದು ಐದನೇ ದಿನ ಸಮುದ್ರ ನೋಡಲು ಹೋದೆವು. ಒಳ್ಳೆಯ ಮರಳೆಲ್ಲ ಒಂದು ರೆಸಾರ್ಟಿನ ಬೇಲಿಯ ಆಚೆ. ಸಮುದ್ರ ಎಲ್ಲರದು, ಅದಕ್ಕೆ ಹೋಗುವ ದಾರಿ ಮಾತ್ರ ನಮ್ಮದು ಎಂದ ಕಾವಲುಗಾರ. ಎರಡು ಮೈಲಿ ಸುತ್ತಿ ಮೀನುಗಾರರ ದಂಡೆಗೆ ಬಂದೆವು. ಅಲ್ಲಿದ್ದದ್ದು ಒಂದೇ ಬಾದಾಮಿ ಮರ. ಅದರ ಕೆಳಗೆ ಎರಡು ಕುರ್ಚಿ, ಪಕ್ಕದಲ್ಲಿ ಒಬ್ಬ ಮುದುಕ. ಕುರ್ಚಿ ಪುಕ್ಕಟೆ, ನೆರಳಿಗೆ ಐದು ಡಾಲರ್.

ನಾನು ಸೂರ್ಯನನ್ನು ನೋಡಿದೆ, ಮರವನ್ನು ನೋಡಿದೆ. ಒಂದು ಗಂಟೆಯಲ್ಲಿ ನೆರಳು ಹತ್ತಡಿ ಪೂರ್ವಕ್ಕೆ ಬರಬೇಕು. ಅಲ್ಲಿ ಹೋಗಿ ಬಿಸಿಲಲ್ಲಿ ಟವೆಲ್ ಹಾಸಿದೆ. "ಸ್ವಲ್ಪ ತಡಿ, ಅದೇ ನಮ್ಮ ಹತ್ರ ಬರ್ತದೆ," ಎಂದೆ. ತೊಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಹೆಂಡತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಖಾತೆ ಪುಸ್ತಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಗಂಟೆ ಕಳೆಯಿತು. ನೆರಳು ನಾನು ಹೇಳಿದ ಹಾಗೆಯೇ ನಮ್ಮ ಟವೆಲ್ಲಿನ ಮೇಲೆ ಬಂತು. ಅದರ ಹಿಂದೆಯೇ ಎರಡು ಕುರ್ಚಿ ಎತ್ತಿಕೊಂಡು ಮುದುಕನೂ ಬಂದ.

"ಮೂವತ್ತು ವರ್ಷದಿಂದ ಇದರ ಹಿಂದೆ ನಡೀತಿದ್ದೀನಿ ಸಾಹೇಬ್ರೆ," ಎಂದ. "ಎಲ್ಲಿಗೆ ಹೋದ್ರೂ ನಂದೇ."

ಐದು ಡಾಲರ್ ಕೊಟ್ಟೆ. ಬಿಸಿಲಲ್ಲಿ ಕಾದದ್ದಕ್ಕೆ ರಿಯಾಯಿತಿ ಕೇಳಿದ್ದು ನನಗೇ ಸ್ವಲ್ಪ ಹೆಚ್ಚಾಯಿತು ಅನ್ನಿಸಿತು.

ದೇಶ ಬಿಡುವ ಫೀಸು

ಕಡೆಯ ದಿನ ಏರ್‌ಪೋರ್ಟಿನಲ್ಲಿ ಹೆಂಡತಿಯ ಪುಸ್ತಕದಲ್ಲಿ ಒಂಬೈನೂರ ಅರವತ್ತೆರಡು, ನನ್ನ ಜೇಬಿನಲ್ಲಿ ಮೂವತ್ತೆಂಟು ಡಾಲರ್. ಗೆದ್ದೆನೆಂದೇ ಲೆಕ್ಕ. ಅನ್ನದಾನದ ಬೋರ್ಡಿನ ಮೇಲೆ ಹೆಸರನ್ನು ಇನಿಷಿಯಲ್ ಸಮೇತ ಬರೆಸಬೇಕೋ ಹೇಗೆ ಎಂದು ಯೋಚಿಸುತ್ತಿದ್ದೆ. ಆಗ ಕಂಡದ್ದು ಆ ಕಿಟಕಿ. ದೇಶ ಬಿಡುವವರು ತಲೆಗೆ ಇಪ್ಪತ್ತೈದು ಡಾಲರ್ ನಗದು ಕಟ್ಟಬೇಕು. ಇಬ್ಬರಿಗೆ ಐವತ್ತು. ಹನ್ನೆರಡು ಡಾಲರ್ ಕಡಿಮೆ.

ಚೌಕಾಸಿಗೆ ಇಳಿದೆ. ಗಂಡ ಹೆಂಡತಿ ಒಂದೇ ಸಂಸಾರ, ಒಂದೇ ಫೀಸು ಹಾಕಿ ಎಂದೆ. ಕಿಟಕಿಯೊಳಗಿನ ಹುಡುಗಿ ಸಾವಧಾನವಾಗಿ ಕೇಳಿಸಿಕೊಂಡಳು.

"ಫೀಸು ಹೋಗೋರಿಗೆ ಮಾತ್ರ ಅಂಕಲ್. ಇಲ್ಲೇ ಇದ್ದುಬಿಟ್ಟರೆ ಏನೂ ಕೊಡಬೇಕಾಗಿಲ್ಲ."

ಹಿಂದೆ ಮೂವತ್ತು ಜನರ ಸಾಲು. ನಮ್ಮ ವಿಮಾನದ ಕಡೆಯ ಕರೆ ಆಯಿತು. ಹೆಂಡತಿ ತನ್ನ ಪರ್ಸು ತೆಗೆದಳು. ನಮ್ಮ ಅಂಗಡಿಯಲ್ಲಿ ಹೋಳಿಗೆ ಮಾಡಿ ಮಾರುವುದು ಅವಳು, ಆ ದುಡ್ಡು ಅವಳದೇ. ಕರಾರಿನಲ್ಲಿದ್ದದ್ದು ನನ್ನ ಜೇಬು ಮಾತ್ರ.

"ಹನ್ನೆರಡು ಡಾಲರ್ ನನ್ನತ್ರ ಇದಾವೆ," ಎಂದಳು.

"ಕೊಡು ಮತ್ತೆ."

"ಕೊಡ್ತೀನಿ. ವಾರಕ್ಕೆ ಎರಡು ದಿನ ಅಂಗಡಿ ಬಾಗಿಲು ಹಾಕ್ಬೇಕು. ಸೋಮವಾರ, ಮಂಗಳವಾರ."

ಮಂಗಳವಾರ ಮಧ್ಯಾಹ್ನದ ಮೇಲೆ ಬೇಕಾದರೆ ಹಾಕೋಣ ಎಂದೆ. ಅವಳು ಪರ್ಸಿನ ಜಿಪ್ ಎಳೆದಳು. ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ನಾನು ಸೋತ್ರೆ ನಿನಗೆ ರೆಸಾರ್ಟೇ ಸಿಗ್ತದಲ್ಲ, ಇದ್ಯಾಕೆ?" ಎಂದೆ.

"ರೆಸಾರ್ಟು ಒಂದು ವಾರ ಕಣ್ರೀ. ಮಂಗಳವಾರ ವರ್ಷ ಪೂರ್ತಿ ಬರ್ತದೆ."

ವಾರವೆಲ್ಲ ಊರಿನವರ ಹತ್ತಿರ ಜಗ್ಗಾಡಿದವನು ಎರಡು ನಿಮಿಷದಲ್ಲಿ ಒಪ್ಪಿಕೊಂಡೆ. ಮಂಗಳವಾರ, ಇಡೀ ದಿನ. ಸೋಮವಾರವನ್ನು ಉಳಿಸಿಕೊಂಡೆ ಎಂಬ ಸಮಾಧಾನವನ್ನು ಅವಳೇ ನನಗೆ ಕೊಟ್ಟಳು.

ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಡಾಕ್ಟರು ಪುಸ್ತಕವನ್ನು ಎಕ್ಸ್‌ರೇ ನೋಡಿದ ಹಾಗೆ ಬೆಳಕಿಗೆ ಹಿಡಿದು ನೋಡಿದರು. ಸರಿಯಾಗಿ ಸಾವಿರ. ಸೋಲೊಪ್ಪಿಕೊಂಡರು. ಮುನ್ನೂರು ಜನಕ್ಕೆ ಊಟ, ಅಕ್ಕಿ ಬೇಳೆ ಎಣ್ಣೆ ಬೆಲ್ಲ ಎಲ್ಲ ನಿಮ್ಮ ಅಂಗಡಿಯಲ್ಲೇ ತಗೊಳ್ತೀನಿ ಅಣ್ಣಾರೆ ಎಂದರು. ಷಡ್ಡಕನ ದುಡ್ಡು, ನನ್ನ ಹೆಸರು, ಮೇಲೆ ವ್ಯಾಪಾರವೂ ನನ್ನದೇ. ಮನೆ ಮುಟ್ಟುವವರೆಗೆ ಕಾರಿನಲ್ಲಿ ಲಾಭ ಲೆಕ್ಕ ಹಾಕುತ್ತಾ ಬಂದೆ.

ಅನ್ನದಾನದ ಸಾಮಾನು ಕೊಳ್ಳಲು ಡಾಕ್ಟರು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದರು. ಆಸ್ಪತ್ರೆಯಿಂದ ಅವರಿಗೆ ರಜೆ ಸಿಕ್ಕಿದ್ದು ಮಂಗಳವಾರ. ನಾನು ಆಗ ಹೆಂಡತಿಯ ಜೊತೆ ಮಿಶಿಗನ್ ಸರೋವರದ ದಂಡೆಯಲ್ಲಿ ಕೂತಿದ್ದೆ. ಫೋನು ಕಾರಿನಲ್ಲಿತ್ತು, ಅದೂ ಅವಳ ಷರತ್ತು. ಡಾಕ್ಟರು ಬೀಗ ನೋಡಿ, ಎಂಟು ಸಲ ಫೋನು ಮಾಡಿ, ರಸ್ತೆ ದಾಟಿ ಎದುರಿನ ಗುಜರಾತಿ ಅಂಗಡಿಯಲ್ಲಿ ಅಷ್ಟೂ ಸಾಮಾನು ಕೊಂಡುಕೊಂಡು ಹೋದರು.

ಭಾನುವಾರ ಅನ್ನದಾನ ಚೆನ್ನಾಗಿ ನಡೆಯಿತು. ಎದುರಿನ ಅಂಗಡಿಯವರೂ ಸಂಸಾರ ಸಮೇತ ಊಟಕ್ಕೆ ಬಂದಿದ್ದರು. ಬೋರ್ಡು ಓದಿ, ನನ್ನ ಎರಡೂ ಕೈ ಹಿಡಿದುಕೊಂಡು, ತಿಂಗಳಿಗೊಂದು ಸಲ ಹೀಗೆ ಮಾಡಿಸುತ್ತಿರಿ ಎಂದರು.

ಒಟ್ಟು ಗಳಿಕೆ: ನನಗೆ ಬೋರ್ಡಿನ ಮೇಲೆ ಹೆಸರು, ಇನಿಷಿಯಲ್ ಇಲ್ಲದೆ. ಹೆಂಡತಿಗೆ ಐವತ್ತೆರಡು ಮಂಗಳವಾರ. ಎದುರಿನ ಅಂಗಡಿಗೆ ಮುನ್ನೂರು ಜನರ ದಿನಸಿ.