ಕೆಂಪು ಚಿಂದಿ ಕಟ್ಟಿದ ಬದನೆಕಾಯಿ

“ಇವತ್ತು ಆ ತೋಟದವರಿಗೆಲ್ಲ ಪಾಠ ಹೇಳಿಯೇ ಮನೆಗೆ ಬರೋದು!” ಎಂದು ರಾಮಕೃಷ್ಣನಗರದ ನಮ್ಮ ಮನೆ ಬಾಗಿಲಲ್ಲಿ ಘೋಷಿಸಿ, ಇಸ್ತ್ರಿ ಮಾಡಿದ ಬಿಳೀ ಜುಬ್ಬಾ ತೊಟ್ಟು ಹೊರಟೆ.

“ಪಾಠ ಹೇಳಿ, ಬೇಡ ಅಂದೋರ್ಯಾರು? ಕೈ ಮಾತ್ರ ಜೇಬಲ್ಲಿರ್ಲಿ” ಎಂದಳು ಜೊತೆಗೇ ಹೊರಟ ಹೆಂಡತಿ ದಾಕ್ಷಾಯಣಮ್ಮ.

ಯಾದವಗಿರಿಯ ಹಳೇ ಬಂಗಲೆಯೊಂದರ ಹಿಂದೆ ಭಾನುವಾರಕ್ಕೊಮ್ಮೆ ಜನ ಸೇರಿ, ಸಂಬಳವಿಲ್ಲದೆ ಬೆವರು ಸುರಿಸಿ, ನೂರು ವರ್ಷದ ಹಿಂದೆ ಮೈಸೂರಿನ ಹಿತ್ತಿಲು ಹೇಗಿತ್ತೋ ಹಾಗೇ ಒಂದು ತೋಟ ಮಾಡಿದ್ದಾರೆ. ಅಂದಿನ ಅವರೆ, ಅಂದಿನ ಬದನೆ, ನೀರು ಸೇದಲು ಬಾವಿ. ರಬ್ಬರ್ ಪೈಪು ಕಂಡರೆ ಮಹಾಪರಾಧ! ಬದನೆ ಪಾತಿ ನನ್ನ ಮೊಮ್ಮಗಳು ಸಿಂಚನಳದು. ಅದಕ್ಕಾಗಿ ನಾಲ್ಕು ತಿಂಗಳಿಂದ ಹುಡುಗಿ ಭಾನುವಾರದ ನಿದ್ದೆ ಬಿಟ್ಟಿದ್ದಾಳೆ.

ಇತಿಹಾಸದ ತೋಟಕ್ಕೆ ಇತಿಹಾಸಪುರುಷನೇ ಕಾಲಿಟ್ಟ ಮೇಲೆ ಸುಮ್ಮನಿರಲಾದೀತೆ? “ನಾನು ಚಿಕ್ಕೋನಿದ್ದಾಗ ನಮ್ಮ ಹಿತ್ತಲಲ್ಲಿ ಒಂದು ಬದನೆಕಾಯಿ ಬಿಟ್ಟಿತ್ತು. ಟಾಂಗಾದಲ್ಲಿಟ್ರೆ ಹಿಂದೆ ಭಾರ ಜಾಸ್ತಿಯಾಗಿ ಕುದುರೆ ಮೇಲಕ್ಕೆದ್ದು ನೇತಾಡ್ತಿತ್ತು!” ಎಂದೆ.

“ಹೋದ್ ವರ್ಷ ಅದು ಕುಂಬಳಕಾಯಿ ಆಗಿತ್ತಲ್ಲ ತಾತಾ?”

“ಇವ್ರು ಬೆಳೆದಿದ್ದು ವಠಾರದಲ್ಲಿ ಕಣೇ. ಹಿತ್ತಲೆಲ್ಲಿಂದ ಬಂತು?” ಎಂದಳು ದಾಕ್ಷಾಯಣಮ್ಮ.

ಮುನಿಸಿಕೊಂಡು ಬದನೆ ಪಾತಿಯತ್ತ ನಡೆದೆ. ಒಂದು ಗಿಡದಲ್ಲಿ ಹಳದಿ ತಿರುಗಿ ಸುಕ್ಕುಬಿದ್ದ ಮುದಿಕಾಯಿ ಜೋತುಬಿದ್ದಿತ್ತು. ತೊಟ್ಟಿಗೆ ಕೆಂಪು ಚಿಂದಿ ಬೇರೆ, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ! ಮುದಿಕಾಯಿ ಗಿಡದ ಸತ್ವ ಹೀರುತ್ತದೆಂದು ಈ ಕಾಲದ ಮಕ್ಕಳಿಗೆ ಗೊತ್ತಿಲ್ಲವಲ್ಲ ಎಂದು ಮರುಗಿ, ಪಟ್ಟನೆ ಕಿತ್ತು, ಚಿಂದಿಯ ಸಮೇತ ಜೇಬಿಗಿಳಿಸಿದೆ.

ಇಳಿಸಿದ್ದೇ ತಡ, ಎಲ್ಲರನ್ನೂ ಕರೆಯುವ ಗಂಟೆ ಮೊಳಗಿತು. ತೋಟದ ಮುಖ್ಯಸ್ಥೆ ಭಾನುಮತಿ ಮೇಡಂ ಮೂವತ್ತು ವರ್ಷ ಗಣಿತ ಹೇಳಿದವರು. ಅವರು ಒಮ್ಮೆ ದಿಟ್ಟಿಸಿದರೆ ಮರೆತ ಮಗ್ಗಿಯೆಲ್ಲ ತಾನಾಗಿ ಬಾಯಿಗೆ ಬರುತ್ತದೆ!

“ಎಲ್ರೂ ಬನ್ರಪ್ಪಾ, ಬೀಜಕ್ಕೆ ಬಿಟ್ಟಿರೋ ಕಾಯಿ ನೋಡೋಣ. ಈ ಜಾತಿ ಬದನೇಲಿ ಉಳಿದಿರೋದು ಇದೊಂದೇ ಕಾಯಿ. ಯಾರೂ ಕೀಳ್ದಿರ್ಲಿ ಅಂತ ಹಳೇ ಕಾಲದೋರ ಹಂಗೇ ಕೆಂಪು ಬಟ್ಟೆ ಕಟ್ಟಿದೀವಿ.”

ಅದೇ ಗಳಿಗೆಗೆ ಕಾಯಿಯ ತೊಟ್ಟಿನ ಮುಳ್ಳು ಜೇಬು ತೂರಿ ತೊಡೆಗೆ ಚುಚ್ಚಿತು. “ಅಯ್ಯೋ” ಎನ್ನುವ ಹಾಗೂ ಇಲ್ಲ! ಗೇಟಿಗೆ ಎಷ್ಟು ಹೆಜ್ಜೆ ಎಂದು ಕಣ್ಣಲ್ಲೇ ಅಳೆದೆ. ಇಪ್ಪತ್ತು. ನನ್ನ ಮಂಡಿಯ ಲೆಕ್ಕದಲ್ಲಿ ಇನ್ನೂರು.

“ಕಾಯಿ ಎಲ್ಲಿ ಸಿಂಚನಾ?”

“ಬೆಳಿಗ್ಗೆ ಇತ್ತು ಮೇಡಂ...”

“ಒಂದು ಕಾಯಿ ನೋಡ್ಕೊಳ್ಳೋಕಾಗ್ಲಿಲ್ವೇನಮ್ಮಾ? ಹಿಂಗಾದ್ರೆ ಪಾತೀನ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ.”

ಮೊಮ್ಮಗಳ ಕಣ್ಣು ತುಂಬಿತು. ಒಪ್ಪಿಕೊಂಡುಬಿಡೋಣ ಎಂದು ಧೈರ್ಯದಿಂದ ಬಾಯಿ ತೆರೆದೆ. ಬಂದದ್ದು ಮಾತ್ರ ಬೇರೆಯೇ!

“ಮಂಗ ಕಣ್ರೀ! ಈ ಎತ್ತರದ್ದು! ಈಗಷ್ಟೇ ಈ ಕಡೆ ಹೋಗಿದ್ದನ್ನ ಕಣ್ಣಾರೆ ಕಂಡೆ!”

“ಹೌದೌದು, ನಾನೂ ನೋಡ್ದೆ” ಎಂದಳು ದಾಕ್ಷಾಯಣಮ್ಮ. “ಬಿಳೀ ಜುಬ್ಬಾ ಹಾಕ್ಕೊಂಡಿತ್ತು. ಈಗ್ಲೂ ಜೇಬಿಂದ ಕೆಂಪು ಬಾಲ ನೇತಾಡ್ತಿದೆ.”

ತೋಟದ ಕಣ್ಣುಗಳೆಲ್ಲ ನನ್ನ ಜೇಬಿನ ಮೇಲೆ! ಕಾಯಿ ತೆಗೆದುಕೊಟ್ಟೆ. “ತಪ್ಪು ನಂದು ಮೇಡಂ. ಮಗೂದಲ್ಲ.”

ಮೇಡಂ ನನ್ನನ್ನು ದಿಟ್ಟಿಸಿದರು. ನನಗೆ ಹದಿನೇಳರ ಮಗ್ಗಿ ಹನ್ನೆರಡರವರೆಗೂ ನೆನಪಾಯಿತು.

ದಾಕ್ಷಾಯಣಮ್ಮ ಕಾಯಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು. “ಬೀಜ ಬಲ್ತಿದೆ ಮೇಡಂ. ನಾಲ್ಕು ದಿನ ಹಂಗೇ ಇಟ್ಟು ಆಮೇಲೆ ಬಿಡಿಸಿದ್ರಾಯ್ತು. ಏನೂ ಹಾಳಾಗಿಲ್ಲ.”

ಹೋದ ಜೀವ ಬಂತು! ಮೇಡಂ ಸಿಂಚನಳ ಬೆನ್ನು ತಟ್ಟಿದರು. “ಪಾತಿ ನಿಂದೇ ಕಣಮ್ಮಾ. ಆದ್ರೆ ಈ ಯಜಮಾನ್ರನ್ನ ಏನ್ ಮಾಡೋದು?”

ಸಿಂಚನ ಕಣ್ಣೊರೆಸಿಕೊಂಡು ಆ ಕೆಂಪು ಚಿಂದಿಯನ್ನು ನನ್ನ ಮಣಿಕಟ್ಟಿಗೆ ಬಿಗಿದಳು.

“ಇದ್ಯಾಕಮ್ಮಾ?” ಎಂದೆ.

ಉತ್ತರ ಕೊಟ್ಟವಳು ದಾಕ್ಷಾಯಣಮ್ಮ. “ಇನ್ಯಾಕೆ? ಈ ಮುದಿಕಾಯಿ ಸಾರಿಗೂ ಬರಲ್ಲ, ಪಲ್ಯಕ್ಕೂ ಬರಲ್ಲ. ಹಂಗಂತ ಯಾರೂ ಕಿತ್ತು ಬಿಸಾಕ್ಬಾರ್ದಲ್ಲ!”